ಸಂಸ್ಕಾರದಿಂದ ಗುಣಾಂತರ: ರೊಟ್ಟಿಯಿಂದ ಪೊಟ್ಟಣದವರೆಗೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರು ಶರೀರವನ್ನು ಹೊತ್ತು ನಿಂತ ಉಪಸ್ತಂಭಗಳೆಂದು ಆಯುರ್ವೇದವು ಹೇಳುತ್ತದೆ. ಅವುಗಳಲ್ಲಿ ಆಹಾರಕ್ಕೆ ಮೊದಲ ಸ್ಥಾನ. ಆದರೆ ಯಾವ ಆಹಾರ ಹಿತ, ಯಾವುದು ಅಹಿತ ಎಂಬುದನ್ನು ಪದಾರ್ಥದ ಹೆಸರಿನಿಂದಲೇ ನಿರ್ಣಯಿಸಲಾಗದು. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯವು ಇದಕ್ಕಾಗಿ ಎಂಟು ಅಂಶಗಳನ್ನು ಪರೀಕ್ಷಿಸಬೇಕೆಂದು ವಿಧಿಸುತ್ತದೆ: ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತೃ. ಪ್ರಕೃತಿಯೆಂದರೆ ಪದಾರ್ಥದ ಸಹಜ ಗುಣ. ಕರಣವೆಂದರೆ ಆ ಪದಾರ್ಥಕ್ಕೆ ನಾವು ಕೊಡುವ ಸಂಸ್ಕಾರ. ನೀರು, ಬೆಂಕಿ, ತೊಳೆಯುವಿಕೆ, ಕಡೆಯುವಿಕೆ, ಪಾತ್ರೆ, ಕಾಲ ಇವುಗಳಿಂದ ಪದಾರ್ಥದ ಗುಣವೇ ಬೇರೆಯಾಗುತ್ತದೆ ಎಂಬುದು ಚರಕರ ಅಭಿಪ್ರಾಯ. ಇಂದಿನ ಆಹಾರ ಉದ್ಯಮವನ್ನು ಅರಿಯಲು ಇದಕ್ಕಿಂತ ಉತ್ತಮವಾದ ಕೀಲಿಕೈ ಇಲ್ಲ.

ಸಂಸ್ಕಾರವೆಲ್ಲವೂ ದೋಷವಲ್ಲ

ನಮ್ಮ ವಿಜಯಪುರದ ಎರೆಭೂಮಿ ಹಿಂಗಾರಿ ಬಿಳಿಜೋಳಕ್ಕೆ ಹೆಸರಾದುದು. ಡೋಣಿ ನದಿಯ ದಂಡೆಯ ಮಾಲದಂಡಿ ಜೋಳವನ್ನು ತಲೆಮಾರುಗಳಿಂದ ಉಂಡು ಬೆಳೆದ ನಾಡು ಇದು. ಜೋಳವನ್ನು ಬೀಸಿದ ಹಿಟ್ಟು ಬಹುದಿನ ಉಳಿಯದು. ಕಾಳಿನ ಮೊಳಕೆಯಲ್ಲಿರುವ ಎಣ್ಣೆಯ ಅಂಶ ಕೆಟ್ಟು ಹಿಟ್ಟು ಕಹಿಯಾಗುತ್ತದೆ. ಆದ್ದರಿಂದಲೇ ನಮ್ಮ ತಾಯಂದಿರು ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುತ್ತಿದ್ದರು. ಹೆಚ್ಚು ದಿನ ಉಳಿಯಬೇಕಾದಾಗ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಖಡಕ್ ರೊಟ್ಟಿ ಮಾಡಿದರು. ಇದೂ ಸಂಸ್ಕಾರವೇ, ಇದೂ ಆಹಾರವನ್ನು ಕಾಪಿಡುವ ತಂತ್ರವೇ. ಇಲ್ಲಿ ಹೊರಹೋದದ್ದು ನೀರು ಮಾತ್ರ. ಕಾಳಿನ ನಾರು, ಸತ್ತ್ವ ರೊಟ್ಟಿಯಲ್ಲೇ ಉಳಿದವು.

ಈಗ ಮೈದಾವನ್ನು ನೋಡೋಣ. ಗೋಧಿಯ ಹೊಟ್ಟು ಮತ್ತು ಮೊಳಕೆಯನ್ನು ಬೇರ್ಪಡಿಸಿ ಉಳಿದ ಪಿಷ್ಟಭಾಗವನ್ನು ನುಣ್ಣಗೆ ಮಾಡಿದರೆ ಮೈದಾ. ಮೊಳಕೆ ಹೋದುದರಿಂದ ಅದು ತಿಂಗಳುಗಟ್ಟಲೆ ಕೆಡದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಇಡೀ ಗೋಧಿಯ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿನಂಶವಿದೆ. ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ದೋಷ ಗೋಧಿಯದಲ್ಲ ಎಂಬುದನ್ನು ಗಮನಿಸಬೇಕು. ಅಂಗಡಿಯ ಕಪಾಟಿನ ಅನುಕೂಲಕ್ಕಾಗಿ ಮಾಡಿದ ಸಂಸ್ಕಾರ ಹೊಟ್ಟೆಯ ಅನುಕೂಲವನ್ನು ಕಿತ್ತುಕೊಂಡಿತು. ಹೀಗಾಗಿ ಯಾವ ಆಹಾರದ ವಿಷಯದಲ್ಲಿಯೂ ನಾವು ಕೇಳಬೇಕಾದ ಪ್ರಶ್ನೆ ಎರಡು: ಈ ಸಂಸ್ಕಾರವು ಏನನ್ನು ತೆಗೆಯಿತು? ಏನನ್ನು ಸೇರಿಸಿತು?

ಕಣ್ಣಿನ ಆಯ್ಕೆ, ಗಂಧಕದ ಹೊಗೆ

ಕೃಷ್ಣೆಯ ನೀರು ಏತ ನೀರಾವರಿಯಿಂದ ಹರಿದು ಬಂದ ಮೇಲೆ ಬಬಲೇಶ್ವರ, ತಿಕೋಟಾ ಭಾಗಗಳಲ್ಲಿ ಕಬ್ಬು, ದ್ರಾಕ್ಷಿಗಳ ಕ್ಷೇತ್ರ ಹಿಗ್ಗಿದೆ. ತಿಕೋಟಾದ ಒಣದ್ರಾಕ್ಷಿ ದೂರದ ಪೇಟೆಗಳಿಗೂ ಹೋಗುತ್ತದೆ. ದ್ರಾಕ್ಷಿಯನ್ನು ಸಹಜವಾಗಿ ಬಿಸಿಲಿನಲ್ಲಿ ಒಣಗಿಸಿದರೆ ಅದು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಬೇಗ ಒಣಗಲೆಂದು ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ವಿಶೇಷ ಎಣ್ಣೆಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಜಾಳಿಗೆಗಳ ಮೇಲೆ ಹರಡುತ್ತಾರೆ. ಹಸಿರು ಹಳದಿಯ ಹೊಳಪು ಉಳಿಯಲೆಂದು ಗಂಧಕದ ಹೊಗೆ ಕೊಡುವ ಪದ್ಧತಿಯೂ ಇದೆ. ಹೊಳಪಿರುವ ಮಾಲಿಗೆ ಹೆಚ್ಚು ಬೆಲೆ. ಆ ಬೆಲೆಯನ್ನು ಕಟ್ಟಿದವನು ರೈತನಲ್ಲ, ಬಣ್ಣ ನೋಡಿ ಕೊಳ್ಳುವ ಗ್ರಾಹಕ. ಗಂಧಕದ ಅಂಶವು ನಿಯಮದ ಮಿತಿಯೊಳಗಿದ್ದರೆ ಬಹುಪಾಲು ಜನರಿಗೆ ತೊಂದರೆಯಿಲ್ಲ. ಆದರೆ ಅಸ್ತಮಾ ಇರುವ ಕೆಲವರಲ್ಲಿ ಅದು ಉಬ್ಬಸವನ್ನು ಕೆರಳಿಸಬಲ್ಲದು. ಇದೇ ಕಾರಣಕ್ಕೆ ಕಿಲೋಗ್ರಾಮಿಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇರುವ ಆಹಾರದ ಪೊಟ್ಟಣದ ಮೇಲೆ ಅದನ್ನು ನಮೂದಿಸಬೇಕೆಂದು ನಮ್ಮ ದೇಶದ ನಿಯಮವಿದೆ. ಪೊಟ್ಟಣದ ಮೇಲಿನ 220ನೆಯ ಸಂಖ್ಯೆ ಗಂಧಕದ ಡೈಆಕ್ಸೈಡನ್ನು ಸೂಚಿಸುತ್ತದೆ. ಬಿಡಿಯಾಗಿ ಕೊಳ್ಳುವಾಗ ಈ ಸೂಚನೆ ದೊರೆಯದು. ಅಂಥವರು ಕಂದು ಬಣ್ಣದ, ಗಂಧಕ ಹಾಕದ ದ್ರಾಕ್ಷಿಯನ್ನೇ ಕೇಳಿ ಪಡೆಯುವುದು ಲೇಸು. ಕೇಳುವವರು ಹೆಚ್ಚಿದರೆ ಮಾಡುವವರೂ ಹೆಚ್ಚುವರು.

ಕಬ್ಬಿನ ವಿಷಯವೂ ಹೀಗೆಯೇ. ಚರಕರು ಪ್ರಮೇಹದ ಕಾರಣಗಳನ್ನು ಎಣಿಸುವಾಗ ಕುಳಿತಲ್ಲಿಯೇ ಸುಖ, ಅತಿನಿದ್ರೆ, ಹೊಸ ಧಾನ್ಯ ಇವುಗಳೊಡನೆ ಬೆಲ್ಲದಿಂದಾದ ಪದಾರ್ಥಗಳನ್ನೂ ಸೇರಿಸಿದ್ದಾರೆ. ಆದ್ದರಿಂದ ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಮಧುಮೇಹಿಗೆ ಬಾಧೆಯಿಲ್ಲವೆಂಬ ಮಾತು ಶಾಸ್ತ್ರಸಮ್ಮತವಲ್ಲ.

ಸಂಯೋಗ ಮತ್ತು ರಾಶಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಿನಲ್ಲಿದ್ದಾರೆಂದೂ ಅಂದಾಜು ಮಾಡಿದೆ. ಇದಕ್ಕೆ ಆಹಾರವೊಂದೇ ಕಾರಣವಲ್ಲವಾದರೂ ಅದರ ಪಾಲು ದೊಡ್ಡದು.

ಕಾರ್ಖಾನೆಯ ತಿನಿಸುಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ, ಉಪ್ಪು, ಕೃತಕ ಪರಿಮಳ ಒಂದಾಗಿ ಬೆರೆತಿರುತ್ತವೆ. ಈ ಸಂಯೋಗವು ರಾಶಿಯನ್ನು, ಅಂದರೆ ತಿನ್ನುವ ಪ್ರಮಾಣವನ್ನು, ಹೇಗೆ ಹೆಚ್ಚಿಸುತ್ತದೆ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. 20 ಜನರಿಗೆ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಅಡುಗೆಮನೆಯ ಸರಳ ಆಹಾರ. ಮುಂದಿಟ್ಟ ಊಟದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮಾನವಾಗಿದ್ದವು. ಬೇಕಾದಷ್ಟು ಉಣ್ಣಲು ಬಿಟ್ಟಾಗ ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರಗಳಲ್ಲಿ ಸುಮಾರು 0.9 ಕಿಲೋ ತೂಕ ಏರಿದರು. ಬೇಗ ಬೇಗನೆ ನುಂಗಿದ್ದೂ ಕಂಡುಬಂದಿತು. ಸಾವಧಾನವಾಗಿ, ಹಸಿವು ಅರಿತು ಉಣ್ಣಬೇಕೆಂಬ ಉಪಯೋಗಸಂಸ್ಥೆಯ ನಿಯಮವನ್ನು ಇಂಥ ತಿನಿಸು ತಾನಾಗಿಯೇ ಮುರಿಸುತ್ತದೆ.

ಇದಕ್ಕೆ ಪ್ರತಿಯಾಗಿ ನಮ್ಮ ಊಟದ ಸಂಯೋಗವನ್ನು ನೋಡಿರಿ: ಜೋಳದ ರೊಟ್ಟಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಅಗಸಿ ಅಥವಾ ಗುರೆಳ್ಳಿನ ಚಟ್ನಿ, ಹಸಿ ಮೂಲಂಗಿ, ಮಜ್ಜಿಗೆ. ರೊಟ್ಟಿಯನ್ನು ಅಗಿಯದೆ ನುಂಗಲಾಗದು. ಆದರೆ ಜೋಳವೆಂದು ಅಳತೆಯಿಲ್ಲದೆ ಉಂಡರೆ ಅದೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ರೊಟ್ಟಿ ಕಡಿಮೆ, ಪಲ್ಯ ಹೆಚ್ಚು ಎಂಬುದು ಮಧುಮೇಹಿಯ ಸೂತ್ರವಾಗಿರಲಿ.

ಪೊಟ್ಟಣವನ್ನು ಓದುವ ಕ್ರಮ

1. ಮುಂಬದಿಯ ಚಿತ್ರವನ್ನು ಬಿಟ್ಟು ಹಿಂಬದಿಯ ಪಟ್ಟಿಯನ್ನು ಓದಬೇಕು. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮುಂದೆ ಸಿರಿಧಾನ್ಯವೆಂದಿದ್ದು ಹಿಂದೆ ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾದ ತಿನಿಸೇ.

2. ಸಕ್ಕರೆಯ ಗ್ರಾಂಗಳನ್ನು 4ರಿಂದ ಭಾಗಿಸಿದರೆ ಚಮಚಗಳ ಲೆಕ್ಕ ಸಿಗುತ್ತದೆ. 100 ಗ್ರಾಂ ಬಿಸ್ಕಿಟಿನಲ್ಲಿ 24 ಗ್ರಾಂ ಸಕ್ಕರೆ ಎಂದಿದ್ದರೆ ಅದು 6 ಚಮಚ. ಹಾಕಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಹೆಚ್ಚು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

3. ಸೋಡಿಯಂ 400 ಮಿಲಿಗ್ರಾಂ ಎಂದರೆ ಸುಮಾರು 1 ಗ್ರಾಂ ಉಪ್ಪು. ದಿನವೆಲ್ಲ ಸೇರಿ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕು. ಉಪ್ಪಿನಕಾಯಿ, ಹಪ್ಪಳಗಳದ್ದೂ ಈ ಲೆಕ್ಕದಲ್ಲಿಯೇ ಬರಬೇಕು.

4. ವನಸ್ಪತಿ, ಹೈಡ್ರೋಜನೀಕೃತ ಕೊಬ್ಬು ಎಂದು ಕಂಡಲ್ಲಿ ದೂರವಿರಬೇಕು. ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2022ರಿಂದ ಶೇಕಡಾ 2ಕ್ಕೆ ಇಳಿಸಲಾಗಿದೆ. ಆದರೆ ಒಂದೇ ಎಣ್ಣೆಯನ್ನು ಮರಳಿ ಮರಳಿ ಕಾಯಿಸುವ ರಸ್ತೆಬದಿಯ ಬಾಣಲೆಗೆ ಯಾವ ಪಟ್ಟಿಯೂ ಇಲ್ಲ.

5. ಮುಂಜಾನೆಯ ಚಹಾದೊಡನೆ ಟೋಸ್ಟು, ಖಾರಿಯನ್ನೇ ಉಪಾಹಾರವೆಂದು ಭಾವಿಸುವುದನ್ನು ಬಿಡಬೇಕು. ಮಕ್ಕಳ ಕೈಗೆ ಐದು ರೂಪಾಯಿಯ ಪೊಟ್ಟಣದ ಬದಲು ಹುರಿದ ಶೇಂಗಾ, ಪುಠಾಣಿ, ಜೋಳದ ಅರಳು ಕೊಡಬಹುದು.

ಮಧುಮೇಹ, ರಕ್ತದೊತ್ತಡಗಳಿಗೆ ಔಷಧ ಸೇವಿಸುತ್ತಿರುವವರು ಆಹಾರ ಬದಲಿಸಿದೆವೆಂದು ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಿ, ಸಕ್ಕರೆ ಪರೀಕ್ಷಿಸಿಕೊಂಡು, ಅವರ ಸೂಚನೆಯಂತೆ ನಡೆಯಬೇಕು.

ಚರಕರು ಎಂಟನೆಯದಾಗಿ ಹೇಳಿದ ಉಪಯೋಕ್ತೃ ಎಂದರೆ ಉಣ್ಣುವವನು. ಯಾವುದು ತನಗೆ ಸಾತ್ಮ್ಯವೆಂಬುದು ಅವನ ಅಭ್ಯಾಸವನ್ನು ಅವಲಂಬಿಸಿದೆ. ಕಾರ್ಖಾನೆಯವರು ನಮ್ಮ ನಾಲಿಗೆಗೆ ತಮ್ಮ ರುಚಿಯನ್ನು ಅಭ್ಯಾಸ ಮಾಡಿಸಬಲ್ಲರು. ಮನೆಯ ಹಿರಿಯರೂ ಅದನ್ನು ಮಾಡಬಲ್ಲರು. ನಮ್ಮ ಹೊಲದ ಜೋಳವನ್ನು ಮಾರಿ, ಬಂದ ಹಣದಲ್ಲಿ ಬಿಸ್ಕಿಟ್ ಕೊಂಡು ತರುವ ಮೊದಲು ವರ್ಷಕ್ಕೆ ಬೇಕಾದ ಜೋಳವನ್ನು ಮನೆಯಲ್ಲಿ ಉಳಿಸಿಕೊಳ್ಳೋಣ. ಮಕ್ಕಳು ಎಳವೆಯಲ್ಲಿ ಯಾವ ರುಚಿಯನ್ನು ಕಲಿಯುವರೋ ಮುಪ್ಪಿನವರೆಗೂ ಅದನ್ನೇ ಬೇಡುವರು.