ಅಂಗಳಕ್ಕಿಳಿಯುವ ಮಗು



ಅಡಿಕೆ ಸಸಿಯನ್ನು ನರ್ಸರಿಯಿಂದ ತೋಟಕ್ಕೆ ತಂದು ನೆಡುವ ವಯಸ್ಸು 12ರಿಂದ 18 ತಿಂಗಳು ಎಂಬುದು ತಮಗೆಲ್ಲ ತಿಳಿದ ವಿಷಯ. ಮನೆಯ ಮಗು ತಾಯಿಯ ಸೊಂಟದಿಂದ ಇಳಿದು ತನ್ನ ಕಾಲ ಮೇಲೆ ನಿಲ್ಲುವುದೂ ಹೆಚ್ಚುಕಡಿಮೆ ಅದೇ ಪ್ರಾಯದಲ್ಲಿ. ಸಸಿಗೆ ಪಡುವಣ ಬಿಸಿಲು ತಾಗದಂತೆ ಬಾಳೆ ನೆಟ್ಟು ನೆರಳು ಮಾಡುವುದರಲ್ಲಿ, ಬುಡದಲ್ಲಿ ನೀರು ನಿಲ್ಲದಂತೆ ಕಣಿ ತೆಗೆಯುವುದರಲ್ಲಿ ನಮ್ಮ ರೈತರ ಜಾಗ್ರತೆಗೆ ಸಮವಿಲ್ಲ. ಆದರೆ ಮಗು ತೊಟ್ಟಿಲಿನಿಂದ ಅಂಗಳಕ್ಕೆ ಬರುವ ಕಾಲಕ್ಕೆ ಮನೆಯಲ್ಲಿ ಏನೇನು ಬದಲಾಗಬೇಕೆಂದು ಯೋಚಿಸುವವರು ಕಡಿಮೆ. ಬಾಣಂತನದ ದಿನಗಳಲ್ಲಿ ಎಣ್ಣೆಸ್ನಾನ, ಬಿಸಿನೀರು, ಪಥ್ಯ ಎಂದು ಮನೆಮಂದಿಯೆಲ್ಲ ಓಡಾಡುತ್ತಾರೆ. ಒಂಬತ್ತನೆಯ ತಿಂಗಳಿಗೆ ಬರುವಾಗ ಆ ಓಡಾಟವೆಲ್ಲ ಮುಗಿದು, ಮಗು ತಾಯಿಯೊಬ್ಬಳ ಪಾಲಿಗೆ ಉಳಿದಿರುತ್ತದೆ. ನಿಜವಾಗಿ ನಾಲ್ಕು ಕಣ್ಣು ಬೇಕಾಗುವುದು ಆಗಲೇ. ಆದುದರಿಂದ ಈ ಸಲದ ಅಂಕಣದಲ್ಲಿ ಸುಮಾರು ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಗುವಿನ ದಿನಚರಿಯ ಬಗ್ಗೆ ಕೆಲವು ವಿಷಯಗಳನ್ನು ತಿಳಿಸಲು ಇಚ್ಛಿಸುತ್ತೇವೆ.

ನಡಿಗೆಯ ಚಿಂತೆ

ಶಿರಿಯದ ಮನೆಗಳಿಗೆ ಭೇಟಿ ಕೊಡುವಾಗ ತಾಯಂದಿರು ನಮ್ಮಲ್ಲಿ ಹೇಳುವ ಮೊದಲ ಮಾತು ಹೆಚ್ಚಾಗಿ ಇದು: "ಫಾದರ್, ಆಚೆಮನೆಯ ಮಗು ಹತ್ತು ತಿಂಗಳಿಗೇ ನಡೆಯಿತು. ನಮ್ಮದು ವರ್ಷ ಕಳೆದರೂ ಗೋಡೆ ಬಿಡುವುದಿಲ್ಲ." ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗು ಆಧಾರವಿಲ್ಲದೆ ನಡೆಯುವುದು ಸುಮಾರು 8 ತಿಂಗಳಿನಿಂದ 18 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು. ನೂರರಲ್ಲಿ ನಾಲ್ಕು ಮಕ್ಕಳಂತೂ ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಿಂತಿದ್ದವು. ಆದುದರಿಂದ ಆಚೆಮನೆಯ ಮಗುವಿನೊಡನೆ ಹೋಲಿಸಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ 9 ತಿಂಗಳು ಕಳೆದರೂ ಆಧಾರವಿಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಅಥವಾ ಕಲಿತದ್ದನ್ನು ಮಗು ಮರೆಯತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. "ಅವನ ಅಪ್ಪನೂ ತಡವಾಗಿಯೇ ನಡೆದದ್ದು" ಎಂಬ ಅಜ್ಜಿಯ ಸಮಾಧಾನ ಆಗ ಸಾಲದು.

ನಡಿಗೆ ಬೇಗ ಬರಲೆಂದು ಗಲ್ಫಿನಿಂದ ಚಕ್ರದ ವಾಕರ್ ತರಿಸುವ ಮನೆಗಳು ನಮ್ಮಲ್ಲಿ ಹಲವಿವೆ. ಅದರಿಂದ ನಡಿಗೆ ಬೇಗ ಬರುವುದಿಲ್ಲವೆಂದು ಮಕ್ಕಳ ತಜ್ಞರು ಹೇಳುತ್ತಾರೆ. ಬರುವುದು ಅಪಾಯ ಮಾತ್ರ. ಜಗಲಿಯಿಂದ ಅಂಗಳಕ್ಕೆ ಮೂರು ನಾಲ್ಕು ಮೆಟ್ಟಿಲಿರುವ ನಮ್ಮ ಮನೆಗಳಲ್ಲಿ ವಾಕರಿನ ಮಗು ಕಣ್ಣು ಮಿಟುಕಿಸುವುದರೊಳಗೆ ತಲೆಕೆಳಗಾಗಿ ಬೀಳುತ್ತದೆ. ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ನೆಲದಲ್ಲಿ ಒಂದು ಚಾಪೆ, ಹಿಡಿದು ನಿಲ್ಲಲು ಗಟ್ಟಿಯಾದ ಬೆಂಚು, ಬರಿಗಾಲು, ಇಷ್ಟು ಸಾಕು. ವಾಕರಿಗೆ ಕೊಡುವ ಹಣದಲ್ಲಿ ಜಗಲಿಯ ಬಾಗಿಲಿಗೆ ಎರಡೂವರೆ ಅಡಿಯ ಒಂದು ಅಡ್ಡಗೇಟು ಮಾಡಿಸಿದರೆ ಅದು ಮುಂದಿನ ಮಗುವಿಗೂ ಬರುತ್ತದೆ.

ಊಟದ ಜಗಳ

ಆರು ತಿಂಗಳು ತುಂಬುವ ತನಕ ತಾಯಿಯ ಹಾಲು ಮಾತ್ರ, ಆಮೇಲೆ ಹಾಲಿನ ಜೊತೆಗೆ ಮೆದು ಆಹಾರ, ಎರಡು ವರ್ಷದವರೆಗೆ ಎದೆಹಾಲು ಮುಂದುವರಿಯಬೇಕು ಎಂಬುದು ಈಗ ಎಲ್ಲರೂ ಬಲ್ಲ ಪಾಠ. ನಮ್ಮ ಹಿರಿಯರ ರಾಗಿ ಮಣ್ಣಿ ಒಳ್ಳೆಯ ಆಹಾರವೇ. ಆದರೆ ಅದೊಂದನ್ನೇ ವರ್ಷದವರೆಗೆ ಉಣಿಸುವುದು ಸರಿಯಲ್ಲ. ಕುಚ್ಚಲಕ್ಕಿ ಗಂಜಿಯನ್ನು ಹೆಸರುಬೇಳೆಯೊಡನೆ ಚೆನ್ನಾಗಿ ಬೇಯಿಸಿ ನುರಿದು, ಒಂದು ಚಮಚ ತೆಂಗಿನೆಣ್ಣೆ ಅಥವಾ ತುಪ್ಪ ಸೇರಿಸಿ ಕೊಡಬಹುದು. ಬಸಿದ ತಿಳಿಯನ್ನು ಮಾತ್ರ ಕುಡಿಸಿ "ಗಂಜಿ ಕೊಟ್ಟೆ" ಎನ್ನುವುದರಲ್ಲಿ ಅರ್ಥವಿಲ್ಲ. ಚಮಚದಿಂದ ಕೂಡಲೇ ಹರಿದುಹೋಗುವ ಆಹಾರದಲ್ಲಿ ಸತ್ತ್ವ ಕಡಿಮೆ. ಚಮಚದಲ್ಲಿ ನಿಲ್ಲುವಷ್ಟು ದಪ್ಪವಿರಬೇಕು. ಮೊಟ್ಟೆ, ಮುಳ್ಳು ತೆಗೆದ ಮೀನು, ಬಸಳೆ, ಪಪ್ಪಾಯಿ ಎಲ್ಲವೂ ನಮ್ಮ ಹಿತ್ತಿಲಲ್ಲಿ, ಕಡಪ್ಪುರದಲ್ಲಿ ಸಿಗುವಂಥವು. ಜೇನನ್ನು ಮಾತ್ರ ವರ್ಷ ತುಂಬುವ ಮೊದಲು ನಾಲಿಗೆಗೆ ಹಚ್ಚಲೂಬಾರದು. ಸಣ್ಣ ಮಗುವಿನ ಕರುಳಿನಲ್ಲಿ ಅದು ವಿಷವಾಗುವ ಸಂಭವವಿದೆ.

ಅಂಗನವಾಡಿಯಿಂದ 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ದೊರೆಯುವ 'ಅಮೃತಂ' ಪುಡಿಯನ್ನು ಕೆಲವರು ದನದ ಹಿಂಡಿಗೆ ಬೆರೆಸುವುದನ್ನು ಕಂಡು ನಮಗೆ ಬೇಸರವಾಗಿದೆ. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆಗಳ ಈ ಮಿಶ್ರಣದ ಪಾಕವನ್ನು ಸಿದ್ಧಪಡಿಸಿದ್ದು ನಮ್ಮದೇ ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಶುರುವಾಗಿ ನಮ್ಮ ತೋಟಗಳಿಗೆ ತಳಿಗಳನ್ನು ಕೊಟ್ಟ ಸಂಸ್ಥೆ. ತಯಾರಿಸುವವರು ಕುಟುಂಬಶ್ರೀಯ ಮಹಿಳೆಯರು. ಅವರ ಸಸಿಯನ್ನು ನಂಬುವವರು ಅವರ ಪುಡಿಯನ್ನೂ ನಂಬಬಹುದು.

ವರ್ಷ ತುಂಬಿದ ಮೇಲೆ ಇನ್ನೊಂದು ದೂರು ಶುರುವಾಗುತ್ತದೆ: "ಮೊದಲು ಚೆನ್ನಾಗಿ ತಿನ್ನುತ್ತಿತ್ತು, ಈಗ ಬಾಯಿಯೇ ತೆರೆಯುವುದಿಲ್ಲ." ಇದಕ್ಕೆ ಕಾರಣವಿದೆ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರರಷ್ಟಾಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಕೇವಲ ಎರಡು, ಎರಡೂವರೆ ಕಿಲೋ. ಬೆಳವಣಿಗೆ ನಿಧಾನವಾದಾಗ ಹಸಿವೂ ಕಡಿಮೆಯಾಗುವುದು ಸಹಜ. ಅಂಗನವಾಡಿಯ ತೂಕದ ಗೆರೆ ಮೇಲಕ್ಕೇ ಹೋಗುತ್ತಿದ್ದರೆ ಮೂಗು ಹಿಡಿದು ಉಣಿಸಬೇಕಾಗಿಲ್ಲ. ಹಟ್ಟಿಯಲ್ಲಿ ದನವಿರುವ ಮನೆಗಳಲ್ಲಿ ಮತ್ತೊಂದು ಕಾರಣವನ್ನೂ ನಾವು ಕಂಡಿದ್ದೇವೆ. ಊಟ ಮಾಡಲಿಲ್ಲವೆಂದು ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಸುತ್ತಾರೆ, ಹಾಲು ತುಂಬಿದ ಹೊಟ್ಟೆಗೆ ಊಟ ಬೇಡವಾಗುತ್ತದೆ. ದನದ ಹಾಲಿನಲ್ಲಿ ಕಬ್ಬಿಣದ ಅಂಶ ಅತಿ ಕಡಿಮೆ; ಮಗು ದುಂಡಗಿದ್ದರೂ ಬಿಳಿಚಿಕೊಳ್ಳುತ್ತದೆ. ವರ್ಷದೊಳಗಿನ ಮಗುವಿಗೆ ದನದ ಹಾಲನ್ನು ಕುಡಿಯಲು ಕೊಡದಿರುವುದು, ಆಮೇಲೆ ದಿನಕ್ಕೆ ಅರ್ಧ ಲೀಟರಿಗೆ ಮೀರದಿರುವುದು ಒಳ್ಳೆಯದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಸಿರಪ್ಪನ್ನು ಕಪಾಟಿನಲ್ಲಿಡದೆ ವಾರಕ್ಕೆ ಎರಡು ಸಲ ಕುಡಿಸಬೇಕು.

ಮೊಬೈಲು ತೋರಿಸಿ ಉಣಿಸುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡು ವರ್ಷದವರೆಗೆ ಅದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ. ಮಗುವಿಗೆ ಕಾಗೆ, ಕೋಳಿ, ಕರು ತೋರಿಸಲು ಅಂಗಳವೇ ಇರುವಾಗ ಪರದೆಯ ಕಾಗೆ ಯಾಕೆ? ಮನೆಯಲ್ಲಿ ಕೊಂಕಣಿ, ನೆರೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಮುಂದೆ ಶಾಲೆಯಲ್ಲಿ ಕನ್ನಡ ಎಂದು ಮಗುವಿನ ಮಾತು ತಡವಾಗುತ್ತದೆಂಬ ಹೆದರಿಕೆಯೂ ಬೇಡ. ಹಲವು ಭಾಷೆ ಕೇಳುವುದರಿಂದ ಮಾತು ನಿಲ್ಲುವುದಿಲ್ಲ, ಯಾರೂ ಮಾತಾಡಿಸದಿದ್ದರೆ ನಿಲ್ಲುತ್ತದೆ.

ನೀರು, ಗಂಟಲು, ವಿಷ

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇವೆ.

ಲೋಕದಾದ್ಯಂತ ನೀರಿಗೆ ಬಿದ್ದು ಸಾಯುವವರ ಪ್ರಮಾಣ ಅತಿ ಹೆಚ್ಚಿರುವುದು 1ರಿಂದ 4 ವರ್ಷದ ಮಕ್ಕಳಲ್ಲಿ. ನಮ್ಮ ಕಡೆಯಲ್ಲಿ ನೀರಿಲ್ಲದ ಹಿತ್ತಿಲಿಲ್ಲ. ಬಾವಿ, ಕೆರೆ, ಮದಕ, ತೋಟದ ಕಣಿ, ಪಂಪಿನ ಬಳಿಯ ಟ್ಯಾಂಕಿ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು, ಕೆಳಗೆ ಶಿರಿಯ ಹೊಳೆ. ಹೊಳೆಗೆ ಎಲ್ಲರೂ ಹೆದರುತ್ತಾರೆ, ಬಚ್ಚಲಿನ ಬಕೆಟಿಗೆ ಯಾರೂ ಹೆದರುವುದಿಲ್ಲ. ಹೊಸದಾಗಿ ನಿಲ್ಲಲು ಕಲಿತ ಮಗುವಿನ ತಲೆಯ ಭಾರ ಹೆಚ್ಚು. ಬಕೆಟಿಗೆ ಬಗ್ಗಿದರೆ ಹಿಂದೆ ಏಳಲು ಅದಕ್ಕೆ ಬಲವಿಲ್ಲ. ಗೇಣು ನೀರು ಸಾಕು. ಸದ್ದೂ ಆಗುವುದಿಲ್ಲ.

ನಾವು ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ ಹದಿನಾರು ತಿಂಗಳ ಒಂದು ಮಗುವನ್ನು ಮಣ್ಣು ಮಾಡಬೇಕಾಯಿತು. ಅಂದು ಆ ಮನೆಯಲ್ಲಿ ಅಡಿಕೆ ಸುಲಿಯಲು ಬಂದವರೂ ಸೇರಿ ಒಂಬತ್ತು ಮಂದಿ ದೊಡ್ಡವರಿದ್ದರು. ಮಗು ಅಜ್ಜಿಯ ಹತ್ತಿರವಿದೆಯೆಂದು ತಾಯಿ, ತಾಯಿಯ ಹತ್ತಿರವಿದೆಯೆಂದು ಅಜ್ಜಿ, ಅಂಗಳದಲ್ಲಿ ಎಲ್ಲರೂ ಇದ್ದಾರಲ್ಲ ಎಂದು ತಂದೆ. ಯಾರನ್ನೂ ದೂರುವಂತಿರಲಿಲ್ಲ. ಒಬ್ಬಳೇ ಇರುವ ತಾಯಿ ಮಗುವನ್ನು ಕಣ್ಣಿಂದ ಬಿಡುವುದಿಲ್ಲ. ಮನೆ ತುಂಬ ಜನವಿದ್ದಾಗಲೇ ಮಗು ಯಾರ ಕಣ್ಣಿಗೂ ಬೀಳದ ಗಳಿಗೆ ಬರುತ್ತದೆ. ಹಬ್ಬ, ಮದುವೆ, ಕೊಯ್ಲು, ಸುಲಿತದ ದಿನಗಳಲ್ಲಿ ಈ ಒಂದು ಕ್ರಮವನ್ನು ಮನೆಯವರು ಪಾಲಿಸಬೇಕೆಂದು ನಮ್ಮ ಕಳಕಳಿಯ ವಿನಂತಿ: ಮಗುವನ್ನು ಬಿಟ್ಟು ಹೋಗುವವರು ಇನ್ನೊಬ್ಬರ ಹೆಸರು ಹಿಡಿದು "ಇಗೋ, ಈಗ ಮಗು ನಿಮ್ಮ ಕೈಯಲ್ಲಿ" ಎಂದು ಬಾಯಿಬಿಟ್ಟು ಹೇಳಬೇಕು. ಅವರು "ಆಯಿತು" ಎಂದ ಮೇಲೆಯೇ ಹೊರಡಬೇಕು. ಹಣದ ಪೆಟ್ಟಿಗೆಯನ್ನು ಹಾಗೆಯೇ ಅಲ್ಲವೇ ನಾವು ಒಪ್ಪಿಸುವುದು? ಬಾವಿಗೆ ಮಗು ಹತ್ತಲಾರದಷ್ಟು ಎತ್ತರದ ಕಟ್ಟೆಯೂ ಮೇಲೆ ಬಲೆಯೂ ಇರಲಿ. ಕಟ್ಟೆಯ ಬಳಿ ಒಗೆಯುವ ಕಲ್ಲು, ಮಗುಚಿದ ಕೊಡಪಾನ ಇದ್ದರೆ ಅದೇ ಮೆಟ್ಟಿಲಾಗುತ್ತದೆ. ಬಚ್ಚಲಿನ ಬಕೆಟನ್ನು ರಾತ್ರಿ ಬರಿದು ಮಾಡಿ ಮಗುಚಿಡುವುದಕ್ಕೆ ಕಾಸು ಖರ್ಚಿಲ್ಲ.

ಈ ಪ್ರಾಯದ ಮಗುವಿಗೆ ಲೋಕವನ್ನು ತಿಳಿಯುವ ದಾರಿ ಬಾಯಿ. ಅಂಗಳದಲ್ಲಿ ಒಣಗುವ ಅಡಿಕೆ, ಜಗಲಿಯಲ್ಲಿ ಅಜ್ಜನ ಎಲೆಪೆಟ್ಟಿಗೆಯಿಂದ ಬಿದ್ದ ಹೋಳು, ನೆಲಗಡಲೆ, ಹುಣಸೆಬೀಜ ಎಲ್ಲವೂ ಅದರ ಉಸಿರುನಾಳಕ್ಕೆ ಸರಿಯಾದ ಅಳತೆಯವು. ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲೂ ಅಳಲೂ ಆಗದಿದ್ದರೆ, ವರ್ಷದೊಳಗಿನ ಮಗುವನ್ನು ಮುಂಗೈಯ ಮೇಲೆ ಬೋರಲಾಗಿ ತಲೆ ತಗ್ಗಿನಲ್ಲಿರುವಂತೆ ಮಲಗಿಸಿ, ಬೆನ್ನಿನಲ್ಲಿ ಎರಡು ಹೆಗಲ ಎಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ತಟ್ಟಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಬೇಕು. ವರ್ಷ ದಾಟಿದ ಮಗುವಿಗೆ ಎದೆಯ ಬದಲು ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಒತ್ತುವುದು. ಹೀಗೆ ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ವಸ್ತು ಕಾಣದೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಕೆಳಗಿಳಿಯುತ್ತದೆ. ಆರೋಗ್ಯ ಕೇಂದ್ರದ ನರ್ಸಿನಲ್ಲಿ ಕೇಳಿದರೆ ಕೈಯಾರೆ ತೋರಿಸಿಕೊಡುತ್ತಾರೆ. ಕಾಗದದಲ್ಲಿ ಓದಿದ್ದಕ್ಕಿಂತ ಅದು ಮೇಲು. ರಿಮೋಟಿನ, ಗೊಂಬೆಯ ಗುಂಡು ಬ್ಯಾಟರಿಯನ್ನು ನುಂಗಿದರೆಂಬ ಸಂಶಯ ಬಂದರೂ ಮಲದಲ್ಲಿ ಹೋಗುತ್ತದೆಂದು ಕಾಯಬಾರದು. ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡುವ ಶಕ್ತಿ ಅದಕ್ಕಿದೆ.

ವಿಷದ ವಿಷಯವನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೋವನ್ನು ಎಣ್ಮಕಜೆ ಮೊದಲಾದ ಗ್ರಾಮಗಳ ಅಂದಿನ ಮಕ್ಕಳು ಇಂದೂ ಹೊತ್ತಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆಕಾಶದಿಂದ ಬರುವ ವಿಷ ನಿಂತಿದೆ, ಆದರೆ ಕೊಟ್ಟಿಗೆಯ ಮೂಲೆಯಲ್ಲಿ ನಾವೇ ಇಟ್ಟ ವಿಷ ಹಾಗೆಯೇ ಇದೆ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ನೀಲಿ ಕಲ್ಲುಸಕ್ಕರೆಯಂತೆ ಹೊಳೆಯುತ್ತದೆ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆ್ಯಸಿಡ್ ನೋಡಲು ನೀರೇ. ಅದನ್ನು ತಂಪು ಪಾನೀಯದ ಬಾಟಲಿಯಲ್ಲಿ ಇಟ್ಟರೆ ಮಗು ಏನೆಂದು ತಿಳಿಯಬೇಕು? ಇವನ್ನು ತಂದ ಡಬ್ಬದಲ್ಲಿಯೇ, ಎತ್ತರದಲ್ಲಿ, ಬೀಗ ಹಾಕಿ ಇಡಬೇಕು. ಮಗು ಆ್ಯಸಿಡ್, ಸೀಮೆಎಣ್ಣೆ ಯಾವುದನ್ನೇ ಕುಡಿದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ, ಶ್ವಾಸಕೋಶಕ್ಕೂ ಹೋಗುತ್ತದೆ. ಡಬ್ಬವನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು.

ತಂದೆಯಂದಿರಲ್ಲಿ ಒಂದು ಮಾತು. ಮದ್ದು ಬಿಟ್ಟು ತೋಟದಿಂದ ಬರುವಾಗ ಮಗು ಕೈ ಚಾಚಿ ಓಡಿ ಬರುತ್ತದೆ. ಎತ್ತಿಕೊಳ್ಳಬೇಕೆಂಬ ಆಸೆ ಯಾರಿಗಿಲ್ಲ? ಆದರೂ ಅಂಗಿ ಬದಲಿಸಿ ಸೋಪು ಹಾಕಿ ಮಿಂದ ಮೇಲೆಯೇ ಎತ್ತಿಕೊಳ್ಳಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಡನೆ ಒಗೆಯಬಾರದು. ಎತ್ತಿಕೊಂಡ ಮೇಲೆ ಒಂದು ಗಂಟೆಯಾದರೂ ಮಗು ತಂದೆಯ ಬಳಿಯೇ ಇರಲಿ. ಬೆಳಗ್ಗೆ ಐದಕ್ಕೆದ್ದು ಹಟ್ಟಿ, ಅಡುಗೆ, ಮಗು ಎಂದು ದಿನವಿಡೀ ಬಗ್ಗಿದ ತಾಯಿಗೆ ಆ ಒಂದು ಗಂಟೆ ಬೆನ್ನು ನೇರ ಮಾಡುವ ಸಮಯ. ಆಯಾಸದಿಂದ ಕಣ್ಣು ಮುಚ್ಚುವ ತಾಯಿಗೆ ಮಗುವನ್ನು ಕಾಯುವುದು ಹೇಗೆ ಸಾಧ್ಯ?

ಮಳೆಗಾಲದಲ್ಲಿ ಭೇದಿಯಾದರೆ ಎದೆಹಾಲು, ಗಂಜಿ ನಿಲ್ಲಿಸಬಾರದು. ಓಆರ್‌ಎಸ್ ಪೊಟ್ಟಣವನ್ನು ಅದರಲ್ಲಿ ಬರೆದಷ್ಟೇ ನೀರಿನಲ್ಲಿ, ದೊಡ್ಡ ಪೊಟ್ಟಣವಾದರೆ ಒಂದು ಲೀಟರಿನಲ್ಲಿ, ಕರಗಿಸಿ ಚಮಚದಿಂದ ಕುಡಿಸಬೇಕು. ಜೊತೆಗೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ವರ್ಷ ತುಂಬಿದವರಿಗೆ ಅಂಗನವಾಡಿಯಲ್ಲಿ ಹುಳದ ಮಾತ್ರೆಯೂ ಇದೆ. ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ, ಅದೂ ಪುಡಿ ಮಾಡಿ ನೀರಿನಲ್ಲಿ ಕಲಸಿ.

ಕೊನೆಯದಾಗಿ ಚುಚ್ಚುಮದ್ದು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸನ್ನೂ ವಿಟಮಿನ್ 'ಎ' ದ್ರವವನ್ನೂ ಹೆಚ್ಚಿನವರು ತಪ್ಪದೆ ಕೊಡಿಸುತ್ತಾರೆ. ಅಲ್ಲಿಗೆ ಮುಗಿಯಿತೆಂದು ಕಾರ್ಡು ಟ್ರಂಕಿನ ತಳ ಸೇರುತ್ತದೆ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾದ ಎರಡನೆಯ ಡೋಸು, ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಬೂಸ್ಟರ್, ಪೋಲಿಯೋ ಹನಿ ಇವೆ. ಈ ವಾರವೇ ಕಾರ್ಡು ತೆಗೆದು ದಿನಾಂಕ ನೋಡಿರಿ. ಕಾರ್ಡು ಕಳೆದುಹೋಗಿದ್ದರೂ ಉಪಕೇಂದ್ರದ ದಾಖಲೆಯಲ್ಲಿ ನೋಡಿ ಹೇಳುತ್ತಾರೆ. ತಡವಾಯಿತೆಂದು ನಾಚಿಕೊಂಡು ಮನೆಯಲ್ಲಿ ಕೂರಬಾರದು. ತಪ್ಪಿದ ಡೋಸನ್ನು ಎಲ್ಲಿಂದ ಮುಂದುವರಿಸಬೇಕೆಂದು ನರ್ಸಮ್ಮನವರೇ ಹೇಳುತ್ತಾರೆ.