ಹತ್ತನೆಯ ತರಗತಿಯಲ್ಲಿ ‘ಮ್ಯಾಕ್‌ಬೆತ್’

ಶೇಕ್ಸ್‌ಪಿಯರ್ ಮಹಾಕವಿಯ ‘ಮ್ಯಾಕ್‌ಬೆತ್’ ನಾಟಕವನ್ನು ನಾವು ಹತ್ತನೆಯ ತರಗತಿಯ ಇಂಗ್ಲಿಷ್ ಪಾಠದೊಂದಿಗೆ, ಪಠ್ಯದ ಹೊರಗಿನ ಓದಾಗಿ, ವಾರಕ್ಕೆ ಎರಡು ಪೀರಿಯಡ್‌ಗಳಂತೆ ಓದಿದೆವು. ಓದಿದೆವು ಎಂದರೆ ಪೂರ್ತಿ ಓದಿದೆವೆಂದಲ್ಲ. ಐದು ಅಂಕಗಳಿಂದ ಒಂಬತ್ತು ದೃಶ್ಯಗಳನ್ನು ಆರಿಸಿ ಮೂಲದಲ್ಲಿಯೇ ಓದಿ, ಉಳಿದುದನ್ನು ಕನ್ನಡದಲ್ಲಿ ಕತೆಯಾಗಿ ಹೇಳಿಕೊಂಡು ಮುಂದುವರಿದೆವು. ಈ ಓದಿನ ಕುರಿತು ಹೆತ್ತವರು ಕೇಳಿದ ಪ್ರಶ್ನೆಗಳೂ ಮಕ್ಕಳು ತರಗತಿಯಲ್ಲಿ ಎತ್ತಿದ ಪ್ರಶ್ನೆಗಳೂ ನಮ್ಮನ್ನು ಸಾಕಷ್ಟು ಯೋಚಿಸುವಂತೆ ಮಾಡಿದವು. ಅವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಬರೆದಿಡುವುದು ಉಚಿತವೆಂದು ತೋರಿತು.

ಮೊದಲ ಪ್ರಶ್ನೆ ಒಬ್ಬ ಹಿರಿಯರದು. ರಕ್ಷಕರ ಸಭೆಯಲ್ಲಿ ಎದ್ದು ನಿಂತು ಅವರು ನೇರವಾಗಿಯೇ ಕೇಳಿದರು: “ನಮ್ಮ ಮಕ್ಕಳು ಕನ್ನಡ ಮಾಧ್ಯಮದವರು. ಒಂದು ಅರ್ಜಿಯನ್ನು ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಬರೆಯಲು ಕಲಿಸಿದರೆ ಸಾಕಿತ್ತು. ನಾನೂರು ವರ್ಷ ಹಿಂದಿನ ಇಂಗ್ಲಿಷು, ಅದರಲ್ಲೂ ಕೊಲೆಯ ಕತೆ, ಇದು ಯಾಕೆ?” ಸಭೆಯಲ್ಲಿ ಕೆಲವರು ತಲೆದೂಗಿದರು. ನಾವು ಆ ದಿನ ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಈ ನಾಟಕವನ್ನೇ ಆರಿಸಿದ್ದಕ್ಕೆ ಒಂದು ಸರಳ ಕಾರಣವಿದೆ. ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಇದೇ ಚಿಕ್ಕದು; ‘ಹ್ಯಾಮ್ಲೆಟ್’ನ ಅರ್ಧದಷ್ಟು ಮಾತ್ರ. ಬರೆದದ್ದು ಸುಮಾರು 1606ರಲ್ಲಿ. ಅದಕ್ಕೆ ಮೂರು ವರ್ಷ ಹಿಂದೆ, 1603ರಲ್ಲಿ, ಸ್ಕಾಟ್ಲೆಂಡಿನ ದೊರೆ ಜೇಮ್ಸನು ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ್ದನು. 1605ರ ನವೆಂಬರಿನಲ್ಲಿ ಪಾರ್ಲಿಮೆಂಟನ್ನು ಮದ್ದಿಟ್ಟು ಹಾರಿಸಿ ಅವನನ್ನು ಕೊಲ್ಲುವ ಸಂಚು ಬಯಲಾಗಿತ್ತು. ಅಂಥ ದಿನಗಳಲ್ಲಿ ರಾಜಹತ್ಯೆಯ ನಾಟಕವನ್ನು ಲಂಡನ್ನಿನ ಜನ ಎಷ್ಟು ಬಿಗಿಹಿಡಿದ ಉಸಿರಿನಿಂದ ನೋಡಿರಬಹುದು! ಅಚ್ಚಾದುದು ಮಾತ್ರ ಕವಿ ತೀರಿಹೋಗಿ ಏಳು ವರ್ಷಗಳ ಮೇಲೆ, 1623ರಲ್ಲಿ.

ಕತೆ ಹಾಲಿನ್ಷೆಡ್ ಎಂಬವನ ಚರಿತ್ರೆಯ ಗ್ರಂಥದಿಂದ ಬಂದದ್ದು. ಆದರೆ ಇತಿಹಾಸದ ಮ್ಯಾಕ್‌ಬೆತ್ ನಾಟಕದವನಂತಲ್ಲ. ಅವನು 1040ರಲ್ಲಿ ಡಂಕನ್ ದೊರೆಯನ್ನು ಯುದ್ಧದಲ್ಲಿ ಸೋಲಿಸಿ, 1057ರವರೆಗೆ, ಹದಿನೇಳು ವರ್ಷ ಆಳಿದವನು. ಡಂಕನನು ನಾಟಕದಲ್ಲಿರುವಂತೆ ಮುದುಕನೂ ಆಗಿರಲಿಲ್ಲ. “ಹಾಗಾದರೆ ಕವಿ ಸುಳ್ಳು ಬರೆದನೇ?” ಎಂದು ಒಬ್ಬ ಹುಡುಗ ಕೇಳಿದನು. ಪಾಪ, ಸತ್ತು ಒಂಬತ್ತು ಶತಮಾನಗಳಾದ ಮೇಲೂ ಅವನಿಗೆ ಬಂದ ಕೆಟ್ಟ ಹೆಸರು ಹೋಗಲಿಲ್ಲ ಎಂದು ಹೇಳಿ ನಾವು ಮುಂದಕ್ಕೆ ಹೋದೆವು.

ಮೊದಲ ಎರಡು ವಾರ ನಮ್ಮ ಪಾಠ ಕೆಟ್ಟಿತು. ತಪ್ಪು ನಮ್ಮದೇ. ಹಳೆಯ ಅಭ್ಯಾಸದಂತೆ ಪಾತ್ರಪರಿಚಯ, ಸಾರಾಂಶ, ಸಂದರ್ಭಸಹಿತ ವಿವರಣೆ ಎಂದು ನೋಟ್ಸ್ ಬರೆಸಿದೆವು. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಂಡರು, ಬಾಯಿಪಾಠ ಮಾಡಿದರು. ‘ಮ್ಯಾಕ್‌ಬೆತ್ ಮಹತ್ವಾಕಾಂಕ್ಷಿಯಾಗಿದ್ದನು’ ಎಂಬ ವಾಕ್ಯ ನಲವತ್ತು ಪುಸ್ತಕಗಳಲ್ಲಿ ಒಂದೇ ಬಗೆಯಾಗಿ ಬಂತು. ಆದರೆ ಕೊಲೆಯ ರಾತ್ರಿ ಆತ ಊಟದ ಪಂಕ್ತಿಯಿಂದ ಎದ್ದು ಹೊರಗೆ ಬಂದು ಒಬ್ಬನೇ ಏಕೆ ನಿಂತ ಎಂದು ಕೇಳಿದರೆ ತರಗತಿ ಮೌನ.

ದಾರಿ ತೋರಿಸಿದ್ದು ನಮ್ಮ ಸೀಮೆಯ ತಾಳಮದ್ದಳೆ. ಪಾರ್ತಿಸುಬ್ಬನ ಕುಂಬಳೆಯ ಸುತ್ತಮುತ್ತ ಹುಟ್ಟಿ ಬೆಳೆದ ಮಕ್ಕಳಿಗೆ ಕೂಟವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಭಾಗವತರು ಒಂದು ಪದ್ಯ ಹೇಳುತ್ತಾರೆ. ಅರ್ಥಧಾರಿ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಆ ಪಾತ್ರವಾಗಿ ಮಾತಾಡುತ್ತಾನೆ. ಎದುರಿನವನ ಮಾತಿಗೆ ಉತ್ತರ ಕೊಡುತ್ತಾನೆ. ನಾವೂ ಹಾಗೆಯೇ ಮಾಡೋಣವೆಂದೆವು. ಮೂಲದ ಹತ್ತು ಹನ್ನೆರಡು ಸಾಲುಗಳನ್ನು ಒಬ್ಬರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದು. ಕಷ್ಟಪದಗಳನ್ನು ಹಲಗೆಯ ಮೇಲೆ ಬಿಡಿಸುವುದು. ಅನಂತರ ಇಬ್ಬರು ಎದುರುಬದುರು ಕುಳಿತು ಆ ಸಾಲುಗಳಿಗೆ ಕನ್ನಡದಲ್ಲಿ ಅರ್ಥ ಹೇಳುವುದು. ಒಂದೇ ನಿಯಮ: ಸಾಲಿನಲ್ಲಿ ಇಲ್ಲದ್ದನ್ನು ಹೇಳಿದರೆ ಉಳಿದವರು ತಡೆಯಬಹುದು. ಈ ನಿಯಮದಿಂದಾಗಿ ಯಾವತ್ತೂ ಪುಸ್ತಕ ಬಿಚ್ಚದ ಹಿಂದಿನ ಬೆಂಚಿನವರು ಕೂಡ, ತಡೆಯುವ ಆಸೆಗಾಗಿ, ಮೂಲದ ಸಾಲುಗಳನ್ನು ಬೆರಳಿಟ್ಟು ಓದತೊಡಗಿದರು.

ಮೊದಲ ಕೂಟ ಒಂದನೆಯ ಅಂಕದ ಕೊನೆಯ ದೃಶ್ಯ. ಡಂಕನ್ ದೊರೆ ಮ್ಯಾಕ್‌ಬೆತ್‌ನ ಮನೆಯಲ್ಲಿ ಉಣ್ಣುತ್ತಿದ್ದಾನೆ. ಹೊರಗೆ ಬಂದ ಮ್ಯಾಕ್‌ಬೆತ್ ತನಗೆ ತಾನೇ ಲೆಕ್ಕ ಹಾಕುತ್ತಾನೆ: ಇವನು ನನ್ನ ಬಂಧು, ನಾನು ಇವನ ಪ್ರಜೆ, ಅದಕ್ಕೂ ಮಿಗಿಲಾಗಿ ಇವನು ಈ ರಾತ್ರಿ ನನ್ನ ಅತಿಥಿ, ಹೊರಗಿನ ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು ನಾನು. ಅರ್ಥ ಹೇಳುತ್ತಿದ್ದ ಹುಡುಗ ‘ಅತಿಥಿ’ ಎಂಬಲ್ಲಿಗೆ ಬಂದಾಗ ತಡವರಿಸಿ ನಿಂತುಬಿಟ್ಟನು. ಮಾತು ಮರೆತದ್ದಲ್ಲ. “ಮನೆಗೆ ಉಣ್ಣಲು ಬಂದವನನ್ನು...” ಎಂದು ಹೇಳಿ ಸುಮ್ಮನಾದನು. ಎಷ್ಟೋ ಪುಟಗಳ ನೋಟ್ಸಿನಿಂದ ಆಗದ ಕೆಲಸ ಅಲ್ಲಿ ಆಯಿತು. ಮ್ಯಾಕ್‌ಬೆತ್ ತಿಳಿಯದೆ ತಪ್ಪಿದವನಲ್ಲ. ತಿಳಿದು, ಎಣಿಸಿ, ಬೇಡವೆಂದು ನಿಶ್ಚಯಿಸಿ, ಆಮೇಲೆ ಮಾಡಿದವನು. ಹೆಂಡತಿ ಬಂದು ಅವನ ಗಂಡಸುತನವನ್ನು ಕೆಣಕಿದ ಕೆಲವೇ ನಿಮಿಷಗಳಲ್ಲಿ ಆ ನಿಶ್ಚಯ ಕರಗಿಹೋಗುತ್ತದೆ.

ಇದೇ ದೃಶ್ಯದಲ್ಲಿ ಭಾಷೆಯ ಒಂದು ಸೂಕ್ಷ್ಮವೂ ಸಿಕ್ಕಿತು. ಅಂದಿನ ಇಂಗ್ಲಿಷಿನಲ್ಲಿ ನಮ್ಮ ‘ನೀನು’, ‘ನೀವು’ಗಳಂತೆ ‘ದೌ’, ‘ಯೂ’ ಎಂಬ ಎರಡು ಮಾತುಗಳಿದ್ದವು. ಮ್ಯಾಕ್‌ಬೆತ್‌ನ ಹೆಂಡತಿ ಮೊದಲು ‘ದೌ’ ಎನ್ನುತ್ತಾಳೆ. ಅವನು ಸುಮ್ಮನಿರು ಎಂದ ಮೇಲೆ ‘ಯೂ’ ಎನ್ನತೊಡಗುತ್ತಾಳೆ. ಏಕಿರಬಹುದು? ಒಬ್ಬ ಹುಡುಗಿ ಥಟ್ಟನೆ ಹೇಳಿದಳು: “ಸಿಟ್ಟು ಹೆಚ್ಚಾದರೆ ನನ್ನಮ್ಮ ನನ್ನನ್ನೂ ‘ನೀವು’ ಎನ್ನುತ್ತಾರೆ.” ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಹವ್ಯಕವೋ ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಇಂಗ್ಲಿಷು ಮೂರನೆಯದೋ ನಾಲ್ಕನೆಯದೋ ಭಾಷೆ. ಅದನ್ನು ನಾವು ಕೊರತೆಯೆಂದು ಎಣಿಸುತ್ತೇವೆ. ಈ ಸಂದರ್ಭದಲ್ಲಂತೂ ಅದೇ ಅವರಿಗೆ ಬಂಡವಾಳವಾಯಿತು.

ಎಲ್ಲಕ್ಕಿಂತ ಬಿಸಿಯಾದ ಚರ್ಚೆ ಮೂವರು ಮಾಟಗಾತಿಯರ ಬಗೆಗೆ ನಡೆಯಿತು. ಯುದ್ಧ ಗೆದ್ದು ಬರುತ್ತಿರುವ ಮ್ಯಾಕ್‌ಬೆತ್‌ಗೆ ಅವರು ಕಾಡರ್ ಎಂಬ ಸೀಮೆಯ ಒಡೆಯನಾಗುವೆಯೆಂದೂ ಮುಂದೆ ದೊರೆಯಾಗುವೆಯೆಂದೂ ನುಡಿಯುತ್ತಾರೆ. ಮೊದಲನೆಯದು ಆ ಕ್ಷಣದಲ್ಲಿಯೇ ನಿಜವಾಗುತ್ತದೆ. ಅಂದ ಮೇಲೆ ಎರಡನೆಯದೂ ಆಗಲೇಬೇಕಲ್ಲ? ತರಗತಿಯ ಅರ್ಧದಷ್ಟು ಜನ ಒಕ್ಕೊರಲಿನಿಂದ ಹೇಳಿದರು: ಇದು ವಿಧಿ, ಹಣೆಯಲ್ಲಿ ಬರೆದದ್ದು. ಒಬ್ಬನಂತೂ, “ನಮ್ಮಲ್ಲಿ ಪ್ರಶ್ನೆ ಇಟ್ಟು ನೋಡಿದಾಗ ಕಂಡುಬಂದದ್ದು ತಪ್ಪುತ್ತದೆಯೇ?” ಎಂದು ಮರುಪ್ರಶ್ನೆ ಹಾಕಿದನು.

ನಾವು ಉತ್ತರ ಹೇಳದೆ, ಮಾಟಗಾತಿಯರ ಮಾತುಗಳನ್ನೇ ಮತ್ತೆ ಓದಿ, ‘ಕೊಲ್ಲು’ ಎಂಬ ಅರ್ಥದ ಒಂದು ಪದ ಹುಡುಕಿ ಎಂದೆವು. ಹತ್ತು ನಿಮಿಷ ಹುಡುಕಿದರು. ಇಲ್ಲ. ದೊರೆಯಾಗುವೆ ಎಂದಿದ್ದಾರೆಯೇ ಹೊರತು ಹೇಗೆ ಎಂದು ಹೇಳಿಲ್ಲ. ಕೊಲೆಯ ಯೋಚನೆ ಮ್ಯಾಕ್‌ಬೆತ್‌ನದೇ. ಅದೇ ಜಾಗದಲ್ಲಿ ಅವನ ಗೆಳೆಯ ಬ್ಯಾಂಕೋ ಕೂಡ ನಿಂತಿದ್ದಾನೆ. ನೀನು ದೊರೆಯಾಗದಿದ್ದರೂ ನಿನ್ನ ಸಂತತಿಯವರು ದೊರೆಗಳಾಗುತ್ತಾರೆ ಎಂಬ ನುಡಿ ಅವನಿಗೂ ಸಿಕ್ಕಿದೆ. ಅವನು ಯಾರನ್ನೂ ಕೊಲ್ಲಲಿಲ್ಲ. ಹಾಲಿನ್ಷೆಡ್‌ನ ಪುಸ್ತಕದಲ್ಲಿ ಬ್ಯಾಂಕೋ ಕೂಡ ಕೊಲೆಯ ಸಂಚಿನಲ್ಲಿ ಪಾಲುದಾರ. ಶೇಕ್ಸ್‌ಪಿಯರನು ಅವನನ್ನು ನಿರ್ದೋಷಿಯಾಗಿ ಮಾಡಿದನು. ಜೇಮ್ಸ್ ದೊರೆ ತಾನು ಬ್ಯಾಂಕೋನ ವಂಶದವನೆಂದು ನಂಬಿದ್ದುದು ಇದಕ್ಕೆ ಒಂದು ಕಾರಣವೆನ್ನುತ್ತಾರೆ. ಕಾರಣ ಏನೇ ಇರಲಿ, ಅದರಿಂದ ನಾಟಕಕ್ಕೆ ದೊಡ್ಡ ಲಾಭವಾಗಿದೆ: ಒಂದೇ ನುಡಿಯನ್ನು ಕೇಳಿದ ಇಬ್ಬರು ಪಕ್ಕಪಕ್ಕದಲ್ಲಿ ನಿಂತು, ಬೇರೆ ಬೇರೆ ದಾರಿ ಹಿಡಿಯುತ್ತಾರೆ.

ವಿಧಿಯ ಪಕ್ಷದವರು ಅಷ್ಟಕ್ಕೆ ಸೋಲಲಿಲ್ಲ. ಕೊನೆಯ ಅಂಕ ಬಂದಾಗ ಮತ್ತೆ ಎದ್ದರು. ಬರ್ನಾಮ್ ಕಾಡು ಬೆಟ್ಟದ ಕೋಟೆಗೆ ನಡೆದು ಬರುವವರೆಗೆ ಸೋಲಿಲ್ಲ, ಹೆಣ್ಣು ಹೆತ್ತ ಯಾರಿಂದಲೂ ಅಪಾಯವಿಲ್ಲ ಎಂಬ ಅಭಯಗಳು ಮ್ಯಾಕ್‌ಬೆತ್‌ಗೆ ಸಿಕ್ಕಿವೆ. ಸೈನಿಕರು ಕಾಡಿನ ಕೊಂಬೆಗಳನ್ನು ಕಡಿದು ಮರೆಯಾಗಿ ಹಿಡಿದು ಬರುತ್ತಾರೆ. ಎದುರು ನಿಂತ ಮ್ಯಾಕ್‌ಡಫ್ ಸಹಜವಾಗಿ ಹೆತ್ತವನಲ್ಲ, ತಾಯಿಯ ಬಸಿರನ್ನು ಕೊಯ್ದು ತೆಗೆದ ಶಿಶು. “ಇದು ಹಿರಣ್ಯಕಶಿಪುವಿನ ವರ!” ಎಂದು ನಾಲ್ಕಾರು ಮಂದಿ ಒಟ್ಟಿಗೆ ಕೂಗಿದರು. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ. ಹೋಲಿಕೆ ಸರಿಯೇ. ಆದರೆ ಮ್ಯಾಕ್‌ಬೆತ್‌ಗೆ ಇಲ್ಲಿ ನರಸಿಂಹ ಬರುವುದಿಲ್ಲ. ಬರುವವನು ಹೆಂಡತಿ ಮಕ್ಕಳನ್ನು ಇವನ ಕಟುಕರಿಂದ ಕಳೆದುಕೊಂಡ ಒಬ್ಬ ಮನುಷ್ಯ. ಈ ಚರ್ಚೆಯನ್ನು ನಾವು ತೀರ್ಮಾನ ಮಾಡದೆ ಬಿಟ್ಟಿದ್ದೇವೆ.

ಕೊಲೆಯ ದೃಶ್ಯವನ್ನು ಕವಿ ರಂಗದ ಮೇಲೆ ತೋರಿಸಿಯೇ ಇಲ್ಲವೆಂಬುದನ್ನು ಹೆತ್ತವರ ಗಮನಕ್ಕೆ ತರಬಯಸುತ್ತೇವೆ. ನಾವು ಕಾಣುವುದು ಕೊಂದು ಬಂದವನ ಕೈಗಳನ್ನು. ದೇವರ ಹೆಸರಿಗೆ ‘ಆಮೆನ್’ ಎನ್ನಲು ಬಾರದೆ ಒಣಗಿದ ಅವನ ಗಂಟಲನ್ನು. ಅಷ್ಟರಲ್ಲಿ ಹೊರಬಾಗಿಲು ಬಡಿಯುವ ಸದ್ದು. ಬಾಗಿಲು ತೆರೆಯಲು ಬರುವವನು ಕುಡಿದ ದ್ವಾರಪಾಲಕ. ಅವನು ತಮಾಷೆ ಮಾಡುತ್ತ ನಿಧಾನವಾಗಿ ಬರುತ್ತಾನೆ. ಆಟದಲ್ಲಿ ಹಾಸ್ಯಗಾರನನ್ನು ಕಂಡ ನಮ್ಮ ಮಕ್ಕಳಿಗೆ ಇದು ವಿಚಿತ್ರವೆನಿಸಲಿಲ್ಲ. ಆ ಬಡಿತದ ಬಗ್ಗೆಯೇ ಡಿ ಕ್ವಿನ್ಸಿ ಎಂಬ ಇಂಗ್ಲಿಷ್ ಲೇಖಕನು 1823ರಲ್ಲಿ ಒಂದು ಪ್ರಬಂಧ ಬರೆದಿದ್ದಾನೆ.

ನಮ್ಮ ಮನಸ್ಸಿನಲ್ಲಿ ಉಳಿದುದು ಮಾತ್ರ ಆ ಗಂಡಹೆಂಡಿರ ವಿಷಯ. ಮೊದಲ ಅಂಕದಲ್ಲಿ ಅವರಷ್ಟು ಹೊಂದಿದ ದಂಪತಿಗಳು ನಾಟಕದಲ್ಲಿ ಬೇರೆ ಇಲ್ಲ. ಮಾಟಗಾತಿಯರ ಸುದ್ದಿಯನ್ನು ಅವನು ಮೊದಲು ಕಾಗದ ಬರೆದು ತಿಳಿಸುವುದು ಆಕೆಗೇ. ಮೂರನೆಯ ಅಂಕಕ್ಕೆ ಬಂದಾಗ ಬ್ಯಾಂಕೋನ ಕೊಲೆಯನ್ನು ಅವನು ಆಕೆಗೆ ತಿಳಿಸದೆ ಏರ್ಪಡಿಸುತ್ತಾನೆ. ಔತಣದಲ್ಲಿ ಸತ್ತವನ ಭೂತ ಅವನೊಬ್ಬನಿಗೇ ಕಾಣುತ್ತದೆ. ಆಕೆ ಅತಿಥಿಗಳನ್ನು ಕಳುಹಿಸಿ, ಅವನಿಗೆ ನಿದ್ರೆಯಿಲ್ಲವೆಂದು ಮೆಲ್ಲಗೆ ಹೇಳುತ್ತಾಳೆ. ಆಮೇಲೆ ಅವರಿಬ್ಬರನ್ನು ನಾವು ಒಟ್ಟಿಗೆ ಕಾಣುವುದೇ ಇಲ್ಲ. ಮುಂದೆ ಆಕೆ ಕಾಣಿಸುವುದು ಐದನೆಯ ಅಂಕದಲ್ಲಿ, ನಿದ್ರೆಯಲ್ಲಿ ನಡೆಯುತ್ತ, ಇಲ್ಲದ ಕಲೆಯನ್ನು ಕೈಯಿಂದ ತೊಳೆಯುತ್ತ. ಕೊಲೆಯ ರಾತ್ರಿ ಸ್ವಲ್ಪ ನೀರು ಸಾಕೆಂದವಳು ಈಕೆಯೇ. ಮೊದಲ ಅಂಕದಲ್ಲಿ ಕಾರ್ಗತ್ತಲೆಯನ್ನು ಕರೆದವಳು ಈಗ ಮಗ್ಗುಲಲ್ಲಿ ಸದಾ ದೀಪ ಉರಿಯುತ್ತಿರಬೇಕೆಂದು ಅಪ್ಪಣೆ ಮಾಡಿದ್ದಾಳೆ. ಹಿಂದೆ ಪದ್ಯದಲ್ಲಿ ಮಾತಾಡಿದವಳ ಮಾತು ಇಲ್ಲಿ ತುಂಡು ತುಂಡು ಗದ್ಯ. ಇವೆಲ್ಲವನ್ನೂ ಮಕ್ಕಳೇ ಹಿಂದಿನ ಪುಟಗಳನ್ನು ತಿರುವಿ ಹುಡುಕಿ ತೆಗೆದರೆಂದು ಹೇಳಲು ನಮಗೆ ಸಂತೋಷವಾಗುತ್ತದೆ.

ದುಃಖದಲ್ಲಿ ಮುಗಿಯುವ ನಾಟಕ ನಮ್ಮ ಸಂಪ್ರದಾಯದ್ದಲ್ಲ ಎಂದು ಹೇಳುವವರಿದ್ದಾರೆ. ಸಂಸ್ಕೃತದಲ್ಲಿ ಅಪರೂಪವೆಂಬುದು ನಿಜ. ಆದರೂ 1912ರಿಂದ ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು ಪ್ರಕಟಿಸಿದ ಭಾಸನಾಟಕಗಳಲ್ಲಿ ‘ಊರುಭಂಗ’ವಿದೆ, ತೊಡೆ ಮುರಿದ ದುರ್ಯೋಧನ ಅಲ್ಲಿ ರಂಗದ ಮೇಲೆಯೇ ಸಾಯುತ್ತಾನೆ. ರನ್ನನ ‘ಗದಾಯುದ್ಧ’ದಲ್ಲಿ ರುದ್ರನಾಟಕದ ಜೀವವನ್ನು ಕಂಡ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಅದನ್ನು ನಾಟಕವಾಗಿ ಇಳಿಸಿದರು. ‘ಮ್ಯಾಕ್‌ಬೆತ್’ ಅಂತೂ 1895ರಲ್ಲಿಯೇ ಎಂ.ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ವಾಗಿ ಕನ್ನಡದ ವೇಷ ತೊಟ್ಟಿತು, ಮುಂದೆ ಡಿ.ವಿ. ಗುಂಡಪ್ಪನವರೂ ಅದನ್ನು ಅನುವಾದಿಸಿದರು. ಗದಾಪರ್ವದ ಕೂಟದಲ್ಲಿ, ಎಲ್ಲರನ್ನೂ ಕಳೆದುಕೊಂಡು ಕೊಳದೊಳಗೆ ಅಡಗಿದ ಕೌರವನಿಗಾಗಿ ನಮ್ಮ ಹಿರಿಯರು ಕಣ್ಣೊರೆಸಿಕೊಂಡುದನ್ನು ನಾವು ಕಂಡಿದ್ದೇವೆ. ಅವನು ಮಾಡಿದ್ದು ಸರಿಯೆಂದು ಅವರಲ್ಲಿ ಯಾರೂ ಹೇಳುತ್ತಿರಲಿಲ್ಲ.

ಪರೀಕ್ಷೆಗೆ ಇದರಿಂದೇನು ಲಾಭವಾಯಿತೆಂದು ಕೇಳಿದರೆ, ವ್ಯಾಕರಣದ ತಪ್ಪುಗಳು ಇನ್ನೂ ಇವೆ. ಗಟ್ಟಿಯಾಗಿ ಓದುವ ನಾಚಿಕೆ ಹೋಗಿದೆ. ಅರ್ಜಿ ಬರೆಯುವುದನ್ನೂ ಕಲಿಸಿದ್ದೇವೆ.

ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರು ಕೊನೆಯ ಕೂಟದ ದಿನ ಬೇರೆ ಯಾವುದೋ ಕೆಲಸಕ್ಕೆ ಶಾಲೆಗೆ ಬಂದಿದ್ದರು. ಜಗಲಿಯಲ್ಲಿ ಕಿಟಕಿಯ ಹತ್ತಿರ ನಿಂತು, ದೀಪ ಹಿಡಿದು ನಡೆಯುವ ದೃಶ್ಯದ ಅರ್ಥವನ್ನು ಪೂರ್ತಿ ಕೇಳಿದರು. ಗಂಟೆ ಬಾರಿಸಿದ ಮೇಲೆ ನಮ್ಮ ಬಳಿಗೆ ಬಂದು, “ಆ ಹೆಂಗಸಿಗೆ ಕೊನೆಗೆ ಯಾರೂ ಇರಲಿಲ್ಲವೇ?” ಎಂದರು. ವೈದ್ಯನೂ ಒಬ್ಬ ಸೇವಕಿಯೂ ಇದ್ದರು, ಗಂಡ ಕೋಟೆಗೆ ಕಾವಲು ಹಾಕುವುದರಲ್ಲಿದ್ದ ಎಂದೆವು. ಅವರು ಒಂದು ಪ್ರತಿಯನ್ನು ಮಗನ ಹೆಸರಿನಲ್ಲಿ ಬರೆಯಿಸಿ ಮನೆಗೆ ಕೊಂಡುಹೋದರು. ಇನ್ನು ಹನ್ನೊಂದು ಪ್ರತಿಗಳು ಶಾಲೆಯ ವಾಚನಾಲಯದ ಕಪಾಟಿನಲ್ಲಿವೆ. ರಜೆಯಲ್ಲಿ ಓದಬಯಸುವ ವಿದ್ಯಾರ್ಥಿಗಳೂ ಹೆತ್ತವರೂ ಹೆಸರು ಬರೆಯಿಸಿ ಪಡೆಯಬಹುದು.