ಬೆಳಗಿನ ಜಾವದ ಚಳಿಯಲ್ಲಿ ಹಳೆಯ ಪಿಕಪ್ ಸ್ಟಾರ್ಟ್ ಆಗದಿದ್ದರೆ



ಧನುರ್ಮಾಸದಲ್ಲಿ ನಮಗೆ ಮದುವೆ ಆರ್ಡರ್ ಇರುವುದಿಲ್ಲ, ಹುಗ್ಗಿಯ ಆರ್ಡರ್ ಇರುತ್ತದೆ. ಪೂಜೆ ಸೂರ್ಯೋದಯಕ್ಕೆ ಮುಂಚೆ. ನಾಲ್ಕೂವರೆಗೆ ಗಾಡಿ ಹೊರಡಲೇಬೇಕು. ವರ್ಷದಲ್ಲಿ ಅತಿ ಚಳಿಯ ಹೊತ್ತೂ ಅದೇ. ಪುಣೆಯಲ್ಲಿ ಆಗ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. (ಮುಂಬಯಿ, ಚೆನ್ನೈ ಸದಸ್ಯರು ಬೇಕಾದರೆ ಈ ಪುಟ ತಿರುವಿಹಾಕಬಹುದು. ಆದರೂ ಬ್ಯಾಟರಿಯ ಭಾಗ ಓದಿದರೆ ನಷ್ಟವಿಲ್ಲ.) ಹಳೆಯ ಡೀಸೆಲ್ ಪಿಕಪ್ ಇಟ್ಟುಕೊಂಡವರಿಗೆ ಆ ಹೊತ್ತಿನಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ. ಕಾಯಿಲೆ ಎಲ್ಲಿದೆ ಎಂದು ಗುರುತಿಸುವಷ್ಟು ನಮಗೇ ತಿಳಿದಿರಬೇಕು.

ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಗಾಡಿಯಂತೆ ಕಿಡಿ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಬರುವ ಕಾವಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಚಳಿಯಲ್ಲಿ ಎಂಜಿನ್ನಿನ ತಣ್ಣನೆಯ ಗೋಡೆ ಆ ಕಾವನ್ನು ಎಳೆದುಕೊಳ್ಳುತ್ತದೆ. ಆಯಿಲ್ ಗಟ್ಟಿಯಾಗಿರುವುದರಿಂದ ಸೆಲ್ಫ್ ಹೆಚ್ಚು ಕರೆಂಟ್ ಕೇಳುತ್ತದೆ, ಅದೇ ಹೊತ್ತಿಗೆ ಬ್ಯಾಟರಿಯ ಶಕ್ತಿ ತಗ್ಗಿರುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದರೆ ಗಾಳಿ ಸಾಕಷ್ಟು ಬಿಸಿಯಾಗುವುದೇ ಇಲ್ಲ.

ಆದ್ದರಿಂದ ಮೊದಲು ಸೆಲ್ಫ್ ಸದ್ದು ಕೇಳಬೇಕು, ಆಮೇಲೆ ಸೈಲೆನ್ಸರ್ ಹೊಗೆ ನೋಡಬೇಕು. ಡ್ರೈವರ್ ಒಳಗೆ ಕೂತರೆ ಇನ್ನೊಬ್ಬರು ಹಿಂದೆ ನಿಲ್ಲಿ. ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ.

ಬರೀ 'ಟಿಕ್' ಎಂದರೆ, ಅಥವಾ ಎಂಜಿನ್ ನರಳುತ್ತಾ ತಿರುಗಿದರೆ, ಡೀಸೆಲ್ ಕಡೆ ಹೋಗಲೇಬೇಡಿ. ದೋಷ ಬ್ಯಾಟರಿ, ವೈರು ಅಥವಾ ಸೆಲ್ಫ್‌ನಲ್ಲಿದೆ. ಸಾಧಾರಣ ಮಲ್ಟಿಮೀಟರ್ ಒಂದನ್ನು ಪ್ರತಿ ಅಡಿಗೆಮನೆಯಲ್ಲೂ ಇಡಬೇಕು ಎಂಬುದು ನಮ್ಮ ಅಭಿಪ್ರಾಯ, ಗ್ರೈಂಡರ್‌ಗೂ ಆಗುತ್ತದೆ. ರಾತ್ರಿಯೆಲ್ಲಾ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ಎಂದರೆ ಹೆಚ್ಚುಕಮ್ಮಿ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಸಂಶಯಿಸಬೇಕು. ಎಂಜಿನ್ ಓಡುತ್ತಿರುವಾಗ ಸುಮಾರು 14 ಬರಬೇಕು, ಬಾರದಿದ್ದರೆ ಆಲ್ಟರ್ನೇಟರ್ ನೋಡಿಸಿ.

ನಮ್ಮ ಧಂದೆಯ ಗಾಡಿಗಳಿಗೆ ಬ್ಯಾಟರಿ ಬೇಗ ಸೋಲುವುದಕ್ಕೆ ಕಾರಣವಿದೆ. ಅಡಿಗೆಮನೆಯಿಂದ ಹಾಲ್‌ಗೆ ಎರಡು ಕಿಲೋಮೀಟರ್, ದಿನಕ್ಕೆ ಆರು ಸಲ ಸ್ಟಾರ್ಟ್. ಸೆಲ್ಫ್ ತಿಂದ ಕರೆಂಟು ತುಂಬುವಷ್ಟು ದೂರ ಗಾಡಿ ಓಡುವುದೇ ಇಲ್ಲ. ಜೊತೆಗೆ ಪಾತ್ರೆ ಇಳಿಸಲು ಹಿಂದೆ ಹಾಕಿಸಿದ ಲೈಟು, ಹುಡುಗರ ಮೊಬೈಲ್ ಚಾರ್ಜರು. ವಾರಕ್ಕೊಮ್ಮೆ ಹೊರಗಿನ ಚಾರ್ಜರ್‌ನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿದರೆ ಬ್ಯಾಟರಿಗೂ ಆಯುಷ್ಯ.

ಆದರೆ ಎಲ್ಲಕ್ಕೂ ಬ್ಯಾಟರಿಯನ್ನೇ ದೂರಬಾರದು. ನಮ್ಮ 2010ರ ಪಿಕಪ್‌ಗೆ ಗ್ಯಾರೇಜೊಂದರಲ್ಲಿ ಎರಡು ಚಳಿಗಾಲಕ್ಕೆ ಎರಡು ಹೊಸ ಬ್ಯಾಟರಿ ಹಾಕಿದರು. ಮೂರನೆಯ ಚಳಿಗೂ ಅದೇ ನರಳಾಟ. ಆಗ ನಾವು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿದೆವು. 0.2 ವೋಲ್ಟ್ ದಾಟಬಾರದ ಕಡೆ ಒಂದೂವರೆ ವೋಲ್ಟ್! ಎಂಜಿನ್ನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿ ಕೊಳೆತು ಹಸಿರುಗಟ್ಟಿತ್ತು. ಚೆಲ್ಲಿದ ಸಾರಿನ ಉಪ್ಪು, ಹುಳಿ, ದಿನಾ ರಾತ್ರಿ ತೊಳೆಯುವ ನೀರು, ಎಲ್ಲಾ ಇಳಿಯುವುದು ಅಲ್ಲಿಗೇ. ಮಧ್ಯಾಹ್ನ ಎಂಜಿನ್ ಬಿಸಿಯಿದ್ದಾಗ ಕಡಿಮೆ ಕರೆಂಟು ಸಾಕು, ದೋಷ ಕಾಣುವುದಿಲ್ಲ. ಚಳಿಯಲ್ಲಿ ಮಾತ್ರ ಕಾಣುತ್ತದೆ. ಹೊಸ ಪಟ್ಟಿಗೆ ಬ್ಯಾಟರಿಯ ಬೆಲೆಯ ಸಣ್ಣ ಪಾಲು ಕೂಡ ಆಗಲಿಲ್ಲ. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಜ್ಜಿ, ಬಿಗಿಮಾಡಿ, ವ್ಯಾಸಲೀನ್ ಸವರಿ.

ಇನ್ನು ಎಂಜಿನ್ ಚುರುಕಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ ಎನ್ನಿ. ಹೊಗೆಯೇ ಇಲ್ಲವಾದರೆ ಡೀಸೆಲ್ ಎಂಜಿನ್ ಮುಟ್ಟಿಲ್ಲ. ಫಿಲ್ಟರ್ ಕಟ್ಟಿರಬಹುದು, ಬಿರುಕುಬಿಟ್ಟ ಪೈಪಿನಿಂದ ಗಾಳಿ ಹೊಕ್ಕಿರಬಹುದು, ಪಂಪಿನ ಸ್ಟಾಪ್ ಸೊಲೆನಾಯ್ಡ್ ಕೆಟ್ಟಿರಬಹುದು. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಒತ್ತಿ, ಬಿಗಿಯಾಗುವ ತನಕ. ಅದರಿಂದ ಸ್ಟಾರ್ಟ್ ಆಗಿ, ಮರುದಿನ ಮತ್ತೆ ಅದೇ ಕಥೆಯಾದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಗೊತ್ತುಮಾಡಿಕೊಳ್ಳಿ. ಪುಣೆಯ ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ಅದು ಲಡಾಖ್ ಕಡೆಯ ಮಾತು. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ತಂದಿತು.

ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ಇರುವ ಎಂಜಿನ್ ಆದರೆ ವೈರು ಬಿಚ್ಚಿ ಒಂದೊಂದನ್ನೂ ಮೀಟರಿನಲ್ಲಿ ನೋಡಿ. ಒಂದು ಓಂ ಆಸುಪಾಸು ತೋರಿಸಿದರೆ ಸರಿ, ಏನೂ ತೋರಿಸದಿದ್ದರೆ ಸುಟ್ಟಿದೆ. ನಾಲ್ಕೂ ಸತ್ತಂತೆ ಇದ್ದರೆ ಮೊದಲು ರಿಲೇ ಮತ್ತು ಫ್ಯೂಸ್ ನೋಡಿ. ಎಲ್ಲವೂ ಸರಿಯಿದ್ದೂ ಬಿಳಿ ಹೊಗೆ ಬಂದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು, ಅದು ದೊಡ್ಡ ಖರ್ಚಿನ ಬಾಗಿಲು.

ಒಂದು ಮಾತು ಒತ್ತಿ ಹೇಳುತ್ತೇವೆ. ಕೆಲವು ಡ್ರೈವರುಗಳು ಬಟ್ಟೆಗೆ ಡೀಸೆಲ್ ಅದ್ದಿ ಉರಿಹಚ್ಚಿ ಗಾಳಿ ಎಳೆಯುವ ಬಾಯಿಗೋ ಟ್ಯಾಂಕಿನ ಅಡಿಗೋ ಹಿಡಿಯುತ್ತಾರೆ. ನಮ್ಮ ಗಾಡಿಯ ಹಿಂದೆ ಗ್ಯಾಸ್ ಸಿಲಿಂಡರ್ ಇರುತ್ತದೆ, ಹುಡುಗರು ಕೂತಿರುತ್ತಾರೆ. ಯಾವ ಆರ್ಡರ್ ತಪ್ಪಿದರೂ ಸರಿ, ಇದನ್ನು ಬಿಡಬೇಡಿ. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಕೂಡ ಹೊಡೆಯಬಾರದು, ಒಳಗೇ ಸಿಡಿಯುತ್ತದೆ. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಡುವಾಗ ಸಿಲಿಂಡರ್ ಇಳಿಸಿ ದೂರ ಇಡಿ, ಕೊನೆಯ ಕ್ಲಿಪ್ಪನ್ನು ಸೋತ ಬ್ಯಾಟರಿಗೆ ಹಾಕದೆ ಅದರಿಂದ ದೂರ ಎಂಜಿನ್ ಲೋಹಕ್ಕೆ ಹಾಕಿ.

ಗ್ಯಾರೇಜಿಗೆ ಹನ್ನೊಂದು ಗಂಟೆಗೆ ಒಯ್ದರೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಅವರಿಗೆ ಏನೂ ಸಿಗುವುದಿಲ್ಲ. ಹಿಂದಿನ ಸಂಜೆಯೇ ಅಲ್ಲಿ ನಿಲ್ಲಿಸಿ, ಬೆಳಿಗ್ಗೆ ತಣ್ಣಗಿರುವಾಗಲೇ ನೋಡಲು ಹೇಳಿ. ಸೆಲ್ಫ್ ಸದ್ದು ಹೇಗಿತ್ತು, ಹೊಗೆಯ ಬಣ್ಣ ಯಾವುದು, ಎಷ್ಟನೆಯ ಸಲಕ್ಕೆ ಹತ್ತಿತು ಎಂದು ಚೀಟಿ ಬರೆದು ಡ್ರೈವರ್ ಕೈಯಲ್ಲಿ ಕೊಡಿ.